ಶ್ರಮಮಾಪಕಗಳು: ಆದೋನಿ ಸೀಮೆಯ ದುಡಿಮೆಯ ಹಿನ್ನೆಲೆಯಲ್ಲಿ

ಒಂದು ದೈಹಿಕ ಕೆಲಸ ಅದನ್ನು ಮಾಡುವವರಿಗೆ ಎಷ್ಟು ಕಷ್ಟವೆನಿಸುತ್ತದೆ ಎಂಬುದನ್ನು ಅವರ ಬಾಯಿಂದಲೇ ಕೇಳಿ, ಅಂಕಿಯಲ್ಲೋ ಗೊತ್ತುಪಡಿಸಿದ ಪದಗಳಲ್ಲೋ ದಾಖಲಿಸುವ ಸಾಧನಗಳಿಗೆ ಶ್ರಮಮಾಪಕಗಳೆಂದು ಹೆಸರು. ಭಾರವನ್ನು ತಕ್ಕಡಿ ಹೇಳುತ್ತದೆ, ದೂರವನ್ನು ಪಟ್ಟಿ ಹೇಳುತ್ತದೆ, ನಾಡಿಬಡಿತವನ್ನು ಯಂತ್ರ ಎಣಿಸುತ್ತದೆ. ಆದರೆ ಅದೇ ಭಾರ, ಅದೇ ದೂರ ಇಬ್ಬರಿಗೆ ಒಂದೇ ಬಗೆಯಲ್ಲಿ ಕಷ್ಟವಾಗುವುದಿಲ್ಲ. ವಯಸ್ಸು, ಆಹಾರ, ರಕ್ತಹೀನತೆ, ಬಿಸಿಲು, ನಿದ್ದೆ, ಹಳೆಯ ನೋವು ಇವೆಲ್ಲ ಸೇರಿ ಕೊನೆಗೆ ಉಳಿಯುವ ಮೊತ್ತವನ್ನು ಬಲ್ಲವರು ದುಡಿಯುವವರು ಮಾತ್ರ. ಆ ಮೊತ್ತವನ್ನು ಕ್ರಮಬದ್ಧವಾಗಿ ಕೇಳಿ ತಿಳಿಯುವ ವಿದ್ಯೆ ಇಂದು ಕ್ರೀಡೆ, ವೈದ್ಯಕೀಯ, ಕಾರ್ಮಿಕ ಆರೋಗ್ಯ, ಕೃಷಿ ಸಂಶೋಧನೆ ಹಾಗೂ ಅಂಗವಿಕಲರ ಗಣತಿಯಲ್ಲಿ ಬಳಕೆಯಲ್ಲಿದೆ. ಈ ಲೇಖನ ಆ ಮಾಪಕಗಳನ್ನು ಪರಿಚಯಿಸಿ, ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ, ಅಂದರೆ ಆದೋನಿ, ಆಲೂರು, ಹೊಳಗುಂದಿ, ಕೌತಾಳಂ, ಕೋಸಿಗಿ, ಮಂತ್ರಾಲಯ ಸುತ್ತಿನ ದುಡಿಮೆಗೆ ಅವು ಹೇಗೆ ಒದಗುತ್ತವೆ ಎಂಬುದನ್ನು ವಿವರಿಸುತ್ತದೆ.

ಹುಟ್ಟು ಮತ್ತು ಬೆಳವಣಿಗೆ

ಈ ವಿದ್ಯೆಯ ಬೇರು ಭಾರ ಎತ್ತುವ ಪ್ರಯೋಗಗಳಲ್ಲಿಯೇ ಇದೆ. ಜರ್ಮನಿಯ ಅರ್ನ್ಸ್ಟ್ ವೇಬರ್ 1830ರ ದಶಕದಲ್ಲಿ ಜನರ ಕೈಗೆ ತೂಕಗಳನ್ನು ಕೊಟ್ಟು, ಎಷ್ಟು ಹೆಚ್ಚಾದರೆ ವ್ಯತ್ಯಾಸ ತಿಳಿಯುತ್ತದೆ ಎಂದು ಪರೀಕ್ಷಿಸಿದ. ಕೈಯಲ್ಲಿರುವ ತೂಕ ಹೆಚ್ಚಿದಷ್ಟೂ ವ್ಯತ್ಯಾಸ ತಿಳಿಯಲು ಸೇರಿಸಬೇಕಾದ ತೂಕವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂಬುದು ಆತ ಕಂಡ ಸಂಗತಿ. 1860ರಲ್ಲಿ ಗುಸ್ತಾವ್ ಫೆಕ್ನರ್ ಇದನ್ನು ಮನೋಭೌತವಿಜ್ಞಾನ ಎಂಬ ಶಾಸ್ತ್ರವಾಗಿ ಕಟ್ಟಿದ. ಹೊರಗಿನ ಪ್ರಚೋದನೆಗೂ ಒಳಗಿನ ಅನುಭವಕ್ಕೂ ಇರುವ ಲೆಕ್ಕದ ಸಂಬಂಧವನ್ನು ಹುಡುಕುವುದು ಇದರ ಕೆಲಸ. 1957ರಲ್ಲಿ ಅಮೆರಿಕದ ಎಸ್. ಎಸ್. ಸ್ಟೀವನ್ಸ್ ಈ ಸಂಬಂಧ ಘಾತದ ರೂಪದಲ್ಲಿದೆಯೆಂದು ವಾದಿಸಿದ. ಸೈಕಲ್ ತುಳಿಯುವಂಥ ಶ್ರಮಕ್ಕೆ ಈ ಘಾತ ಸುಮಾರು 1.6 ಎಂದು ಮುಂದೆ ಕಂಡುಬಂತು. ಅಂದರೆ ಕೆಲಸ ಇಮ್ಮಡಿಯಾದಾಗ ಅನಿಸುವ ಶ್ರಮ ಇಮ್ಮಡಿಗೆ ನಿಲ್ಲದೆ ಸುಮಾರು ಮೂರು ಪಟ್ಟಾಗುತ್ತದೆ. ಹೊರೆಯನ್ನು ದ್ವಿಗುಣಗೊಳಿಸಿ ಕೂಲಿಯನ್ನು ದ್ವಿಗುಣಗೊಳಿಸಿದರೆ ಲೆಕ್ಕ ಸರಿಹೋಯಿತು ಎಂದು ಭಾವಿಸುವವರು ಗಮನಿಸಬೇಕಾದ ಅಂಶವಿದು.

ಶ್ರಮವನ್ನು ಕೇಳಿ ಅಳೆಯುವುದಕ್ಕೆ ಇಂದಿನ ರೂಪ ಕೊಟ್ಟವರು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ (1927–2020). 1962ರ ಅವರ ಪ್ರಬಂಧ ದೈಹಿಕ ಸಾಮರ್ಥ್ಯ ಮತ್ತು ಗ್ರಹಿತ ಶ್ರಮ ಎರಡನ್ನೂ ಒಟ್ಟಿಗೆ ಪರಿಶೀಲಿಸಿತು. ಸ್ನಾಯು, ಕೀಲು, ಎದೆ, ಉಸಿರು, ಮನಸ್ಸು ಇವುಗಳಿಂದ ಬರುವ ಎಲ್ಲ ಸೂಚನೆಗಳನ್ನು ಮನುಷ್ಯ ಒಂದೇ ಅನುಭವವಾಗಿ ಒಟ್ಟುಗೂಡಿಸುತ್ತಾನೆ, ಆದ್ದರಿಂದ ದೇಹದ ಮೇಲಿನ ಒತ್ತಡವನ್ನು ತಿಳಿಯಲು ಅದಕ್ಕಿಂತ ಸಮಗ್ರವಾದ ಸೂಚಿ ಬೇರೊಂದಿಲ್ಲ ಎಂಬುದು ಅವರ ನಿಲುವು.

ಬೋರ್ಗ್ ಮಾಪಕಗಳು

ಬೋರ್ಗರ ಮೊದಲ ಪ್ರಸಿದ್ಧ ಮಾಪಕ 6ರಿಂದ 20ರವರೆಗೆ ಹೋಗುತ್ತದೆ. 6 ಎಂದರೆ ಶ್ರಮವೇ ಇಲ್ಲ, 9 ಬಹಳ ಹಗುರ, 11 ಹಗುರ, 13 ಸ್ವಲ್ಪ ಕಷ್ಟ, 15 ಕಷ್ಟ, 17 ಬಹಳ ಕಷ್ಟ, 19 ಅತ್ಯಂತ ಕಷ್ಟ, 20 ಮೈಯ ಕೊನೆಯ ಮಿತಿ. ಅಂಕಿ 6ರಿಂದ ಶುರುವಾಗುವುದಕ್ಕೆ ಕಾರಣವಿದೆ. ಆರೋಗ್ಯವಂತ ಯುವಕರಲ್ಲಿ ಈ ಅಂಕಿಯನ್ನು 10ರಿಂದ ಗುಣಿಸಿದರೆ ನಿಮಿಷಕ್ಕೆ ಹೃದಯ ಎಷ್ಟು ಸಲ ಬಡಿಯುತ್ತಿದೆ ಎಂಬುದರ ಅಂದಾಜು ಸಿಗುತ್ತದೆ. 6ಕ್ಕೆ 60, 13ಕ್ಕೆ 130, 20ಕ್ಕೆ 200. ವಯಸ್ಸಾದವರಲ್ಲಿ, ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ಈ ಗುಣಾಕಾರ ಕೂಡಿಬರುವುದಿಲ್ಲ. ಆ ಮಾತ್ರೆ ನಾಡಿಯನ್ನು ತಡೆಹಿಡಿಯುವುದರಿಂದ ಅಂಥವರ ವಿಷಯದಲ್ಲಿ ನಾಡಿಗಿಂತ ಅವರ ಮಾತೇ ಹೆಚ್ಚು ನಂಬಲರ್ಹ.

ಎರಡನೆಯದು 1980ರ ದಶಕದ ಆರಂಭದಲ್ಲಿ ಬಂದ 0ಯಿಂದ 10ರ ಮಾಪಕ. ಇದರಲ್ಲಿ ಪದಗಳನ್ನು ಸಮದೂರದಲ್ಲಿ ಇಟ್ಟಿಲ್ಲ. ಮಧ್ಯಮ ಎಂಬುದು 3ರಲ್ಲಿ, ಜೋರು ಎಂಬುದು 5ರಲ್ಲಿ, ಬಹಳ ಜೋರು ಎಂಬುದು 7ರಲ್ಲಿ ನಿಲ್ಲುತ್ತವೆ. 10ನ್ನೂ ಮೀರಿದ ಅನುಭವವನ್ನು ಹೇಳಲು ಜಾಗ ಬಿಟ್ಟಿರುತ್ತಾರೆ. ಶ್ರಮದ ಜೊತೆಗೆ ಏದುಸಿರು, ತೋಳಿನ ಬಳಲಿಕೆ, ಸೊಂಟನೋವು ಮುಂತಾದ ಒಂದೊಂದೇ ತೊಂದರೆಯನ್ನು ಬಿಡಿಯಾಗಿ ಕೇಳಲು ಇದು ಅನುಕೂಲ. ಶ್ವಾಸಕೋಶದ ರೋಗಿಗಳಿಗೆ ಮಾಡಿಸುವ ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ ನಡಿಗೆಗೆ ಮುಂಚೆ ಮತ್ತು ನಂತರ ಬೋರ್ಗ್ ಮಾಪಕದಿಂದ ಉಸಿರಾಟದ ಕಷ್ಟವನ್ನೂ ದಣಿವನ್ನೂ ಕೇಳುವುದು ಪದ್ಧತಿ.

ಇತರ ಮಾಪಕಗಳು

ಕೆಲಸದ ಒಂದು ಪಾಳಿಯ ಒಟ್ಟು ಹೊರೆಯನ್ನು ತಿಳಿಯಲು ಕಾರ್ಲ್ ಫಾಸ್ಟರ್ ಕ್ರೀಡಾಪಟುಗಳಿಗಾಗಿ ರೂಪಿಸಿದ ಕ್ರಮ ಸರಳವಾದುದು. ಪಾಳಿ ಮುಗಿದ ಮೇಲೆ 0ಯಿಂದ 10ರ ಮಾಪಕದಲ್ಲಿ ಹೇಳಿದ ಅಂಕಿಯನ್ನು ನಿಮಿಷಗಳಿಂದ ಗುಣಿಸುತ್ತಾರೆ. 240 ನಿಮಿಷ ದುಡಿದು 7 ಎಂದವರ ಹೊರೆ 1680. 480 ನಿಮಿಷ ದುಡಿದು 4 ಎಂದವರ ಹೊರೆ 1920. ಕೆಲಸ ಮಧ್ಯಮವೆನಿಸಿದರೂ ಇಡೀ ದಿನ ನಡೆದರೆ ಅದರ ಮೊತ್ತ ಅರ್ಧ ದಿನದ ಕಠಿಣ ಕೆಲಸವನ್ನು ಮೀರಬಲ್ಲದು.

1976ರಲ್ಲಿ ಕಾರ್ಲೆಟ್ ಮತ್ತು ಬಿಷಪ್ ದೇಹದ ರೇಖಾಚಿತ್ರವನ್ನು ಮುಂದಿಟ್ಟು, ಎಲ್ಲಿ ಎಷ್ಟು ತೊಂದರೆ ಎಂದು ಬೆರಳಿಟ್ಟು ತೋರಿಸುವ ಕ್ರಮ ತಂದರು. 1988ರಲ್ಲಿ ಸಾಂಡ್ರಾ ಹಾರ್ಟ್ ಮತ್ತು ಲೋವೆಲ್ ಸ್ಟೇವ್‌ಲ್ಯಾಂಡ್ ಪ್ರಕಟಿಸಿದ ನಾಸಾ ಸಂಸ್ಥೆಯ ಕಾರ್ಯಹೊರೆ ಸೂಚಿ ದೈಹಿಕ ಶ್ರಮವನ್ನಲ್ಲದೆ ಮಾನಸಿಕ ಹೊರೆ, ಸಮಯದ ಒತ್ತಡ, ಕೆಲಸ ಕೈಗೂಡಿದ ಪ್ರಮಾಣ, ಹಾಕಿದ ಪ್ರಯತ್ನ, ಹತಾಶೆ ಹೀಗೆ ಒಟ್ಟು ಆರು ಮುಖಗಳನ್ನು ಕೇಳುತ್ತದೆ. ಮಕ್ಕಳಿಗೂ ಓದುಬರಹ ಬಾರದವರಿಗೂ ಗುಡ್ಡ ಹತ್ತುವ ಮನುಷ್ಯನ ಚಿತ್ರಗಳುಳ್ಳ ಓಮ್ನಿ ಮಾಪಕ ಇದೆ. ಕೈಯಲ್ಲಿ ಯಾವ ಕಾಗದವೂ ಇಲ್ಲದಿದ್ದಾಗ ಮಾತಿನ ಪರೀಕ್ಷೆ ಸಾಕು. ಕೆಲಸ ಮಾಡುತ್ತಲೇ ಸರಾಗವಾಗಿ ಮಾತಾಡಬಲ್ಲವರ ಶ್ರಮ ಮಧ್ಯಮ, ಒಂದೆರಡು ಪದಕ್ಕೇ ಉಸಿರು ಕಟ್ಟಿದರೆ ಅದು ತೀವ್ರ.

ಭಾರ ಎತ್ತುವ ಮಿತಿಗಳನ್ನು ಗೊತ್ತುಪಡಿಸುವಲ್ಲಿಯೂ ದುಡಿಯುವವರ ಮಾತಿಗೆ ದೊಡ್ಡ ಪಾತ್ರವಿದೆ. ಅಮೆರಿಕದಲ್ಲಿ ಸ್ಟೋವರ್ ಸ್ನೂಕ್ ನಡೆಸಿದ ಪ್ರಯೋಗಗಳಲ್ಲಿ ಕೆಲಸಗಾರರೇ ಪೆಟ್ಟಿಗೆಯ ತೂಕವನ್ನು ಹೆಚ್ಚುಕಡಿಮೆ ಮಾಡಿಕೊಂಡು, ಅತಿಯಾಗಿ ದಣಿಯದೆ, ಉಸಿರು ಕಟ್ಟದೆ ದಿನವಿಡೀ ಎತ್ತಬಲ್ಲ ಭಾರವನ್ನು ಆರಿಸಬೇಕಿತ್ತು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರ, ಎಲ್ಲ ಅನುಕೂಲಗಳಿದ್ದಾಗಲೂ ಎತ್ತುವ ಭಾರ 23 ಕಿಲೋ ದಾಟಬಾರದು ಎನ್ನುತ್ತದೆ. ಇಂಥ ಪ್ರಯೋಗಗಳ ಫಲಿತಾಂಶವೂ ಆ ಅಂಕಿಗೆ ಒಂದು ಆಧಾರ.

ಭಾರತದಲ್ಲಿ ನಡೆದ ಕೆಲಸ

ದುಡಿಮೆಯ ಶರೀರಶಾಸ್ತ್ರದಲ್ಲಿ ಭಾರತದ ಸಂಶೋಧಕರ ಕೊಡುಗೆ ಸಣ್ಣದಲ್ಲ. 1971ರಲ್ಲಿ ದತ್ತ ಮತ್ತು ರಾಮನಾಥನ್ 30 ಕಿಲೋ ಹೊರೆಯನ್ನು ಸಮನೆಲದಲ್ಲಿ ಒಯ್ಯುವ ಏಳು ವಿಧಾನಗಳನ್ನು ಹೋಲಿಸಿದರು. ಹೊರೆಯನ್ನು ಎದೆಗೂ ಬೆನ್ನಿಗೂ ಹಂಚಿ ಹೊತ್ತಾಗ ಖರ್ಚಾಗುವ ಶಕ್ತಿ ಎಲ್ಲಕ್ಕಿಂತ ಕಡಿಮೆ, ಎರಡು ಕೈಗಳಲ್ಲಿ ಹಿಡಿದು ನಡೆದಾಗ ಎಲ್ಲಕ್ಕಿಂತ ಹೆಚ್ಚು ಎಂದು ತಿಳಿದುಬಂತು. 1979ರಲ್ಲಿ ಪಿ. ಎನ್. ಸಹಾ ಮತ್ತು ಸಂಗಡಿಗರು ಭಾರತೀಯ ಕಾರ್ಮಿಕ ಎಂಟು ಗಂಟೆ ಸಹಿಸಬಲ್ಲ ಕೆಲಸದ ಮಿತಿಯನ್ನು ಸೂಚಿಸಿದರು. ದೇಹದ ಗರಿಷ್ಠ ಆಮ್ಲಜನಕ ಬಳಕೆಯ ಶೇಕಡಾ 35, ನಿಮಿಷಕ್ಕೆ ಸುಮಾರು 18 ಕಿಲೋಜೂಲ್ ಶಕ್ತಿ, ಸುಮಾರು 110 ಹೃದಯಬಡಿತ ಅವರು ಕೊಟ್ಟ ಅಂಕಿಗಳು.

ನಮ್ಮ ಹೊಲಗದ್ದೆಗಳಿಗೆ ಹೆಚ್ಚು ಹತ್ತಿರವಾದುದು 1994ರಲ್ಲಿ ಎಂ. ಎ. ವರ್ಗೀಸ್, ಪಿ. ಎನ್. ಸಹಾ, ಎನ್. ಆತ್ರೇಯ ಪ್ರಕಟಿಸಿದ ಐದು ಅಂಕಗಳ ಮಾಪಕ. ಬೋರ್ಗರ ಹದಿನೈದು ಮೆಟ್ಟಿಲುಗಳನ್ನು ಇವರು ಐದಕ್ಕೆ ಇಳಿಸಿದರು: ಬಹಳ ಹಗುರ, ಹಗುರ, ಮಧ್ಯಮ ಭಾರ, ಭಾರ, ಬಹಳ ಭಾರ. ಇದರ ಜೊತೆಗೆ ಮಹಿಳೆಯರಿಗೆ ಅನ್ವಯಿಸುವ ಹೃದಯಬಡಿತದ ಕೋಷ್ಟಕವೂ ಬಳಕೆಗೆ ಬಂತು. ನಿಮಿಷಕ್ಕೆ 90ರವರೆಗೆ ಬಹಳ ಹಗುರ, 91–105 ಹಗುರ, 106–120 ಮಧ್ಯಮ, 121–135 ಭಾರ, 136–150 ಬಹಳ ಭಾರ. ಬಡಿತವನ್ನು 0.159ರಿಂದ ಗುಣಿಸಿ 8.72 ಕಳೆದರೆ ನಿಮಿಷಕ್ಕೆ ಖರ್ಚಾಗುವ ಶಕ್ತಿ ಕಿಲೋಜೂಲಿನಲ್ಲಿ ಸಿಗುತ್ತದೆ. 110 ಬಡಿತಕ್ಕೆ ಇದು ಸುಮಾರು 8.8. ಅಖಿಲ ಭಾರತ ಸಮನ್ವಿತ ಗೃಹವಿಜ್ಞಾನ ಸಂಶೋಧನಾ ಯೋಜನೆಯ ಕೇಂದ್ರಗಳು ರೈತ ಮಹಿಳೆಯರ ಕೆಲಸಗಳನ್ನು ಅಳೆಯಲು ಈ ಕ್ರಮವನ್ನೇ ಅನುಸರಿಸುತ್ತ ಬಂದಿವೆ. ಆ ಯೋಜನೆಯ ಕೇಂದ್ರಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಹೈದರಾಬಾದಿನ ಕೃಷಿ ವಿಶ್ವವಿದ್ಯಾಲಯವೂ ಇದ್ದವು. ಕೆಲಸದ ಕಷ್ಟ, ಅದನ್ನು ಮಾಡುವ ಆವರ್ತನ, ಹಿಡಿಯುವ ಸಮಯ ಈ ಮೂರನ್ನೂ ಸೇರಿಸಿ ಸರಾಸರಿ ತೆಗೆಯುವ ಶ್ರಮದಾಯಕತೆಯ ಸೂಚ್ಯಂಕವೂ ಈ ವಲಯದಲ್ಲಿ ರೂಢಿಯಲ್ಲಿದೆ.

ಆದೋನಿ ಸೀಮೆ

ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸುವವರೆಗೂ ಬಳ್ಳಾರಿ ಜಿಲ್ಲೆಯವಾಗಿದ್ದವು. ಬಳ್ಳಾರಿಯ ಉಳಿದ ಬಹುಭಾಗ ಮೈಸೂರಿಗೆ ಬಂದಾಗ ಇವು ಕರ್ನೂಲಿಗೆ ಸೇರಿದವು. ತುಂಗಭದ್ರೆಯ ದಕ್ಷಿಣದ ಈ ನೆಲದಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಮನೆಮಾತುಗಳು. ಎರೆ ಭೂಮಿ, ನಂಬಲಾಗದ ಮಳೆ, ಹತ್ತಿ, ಶೇಂಗಾ, ಔಡಲ ಇಲ್ಲಿನ ಬೇಸಾಯದ ಚಿತ್ರ. ಆದೋನಿಯ ಕೃಷಿ ಮಾರುಕಟ್ಟೆ ಹತ್ತಿಗೆ ಹೆಸರಾದುದು. ಗಡಿಯಾಚೆಯ ರಾಯಚೂರು, ಬಳ್ಳಾರಿ ಕಡೆಯ ರೈತರೂ ಇಲ್ಲಿಗೆ ಮಾಲು ತರುತ್ತಾರೆ. ಅದನ್ನು ನೆಚ್ಚಿಕೊಂಡು ಜಿನ್ನಿಂಗ್ ಕಾರ್ಖಾನೆಗಳೂ ಎಣ್ಣೆ ಗಿರಣಿಗಳೂ ಬೆಳೆದಿವೆ. ಹೀಗಾಗಿ ಹತ್ತಿ ಬಿಡಿಸುವುದು, ಹೊರುವುದು, ಹಿಂಜುವುದು, ಮಣ್ಣು ಅಗೆಯುವುದು, ಗುಳೆ ಹೋಗುವುದು ಎಲ್ಲವೂ ಒಂದೇ ಸೀಮೆಯಲ್ಲಿ ಕಾಣಸಿಗುತ್ತವೆ.

ದೇಹಶಕ್ತಿಯನ್ನು ಹೊರಗಿನವರು ಅಳೆದ ಕಹಿ ಚರಿತ್ರೆಯೂ ಇಲ್ಲಿದೆ. 1876–78ರ ಮಹಾಕ್ಷಾಮದಲ್ಲಿ ಬಳ್ಳಾರಿ, ಕರ್ನೂಲು ಎರಡೂ ಜಿಲ್ಲೆಗಳು ಅತಿಯಾಗಿ ನೊಂದವು. 1877ರ ಜನವರಿಯಲ್ಲಿ ಮದರಾಸು ಪ್ರಾಂತಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದಿಷ್ಟು ಪುಡಿಕಾಸಿಗೆ ಇಳಿಸಿದ. ದುಡಿಯುವ ದೇಹಕ್ಕೆ ಇದು ಸಾಲದೆಂದು ಪ್ರಾಂತದ ನೈರ್ಮಲ್ಯ ಕಮಿಷನರ್ ಡಾ. ಡಬ್ಲ್ಯು. ಆರ್. ಕಾರ್ನಿಶ್ ಪಟ್ಟುಹಿಡಿದು ವಾದಿಸಿದ. ಅದೇ ವರ್ಷ ಕೂಲಿಯನ್ನು ಮತ್ತೆ ಏರಿಸಬೇಕಾಯಿತು. ಆ ಬಳಿಕ ಬಂದ ಕ್ಷಾಮ ಸಂಹಿತೆಗಳು ಕೂಲಿಯವರನ್ನು ಶಕ್ತಿಗೆ ತಕ್ಕಂತೆ ವರ್ಗಗಳಾಗಿ ವಿಂಗಡಿಸಿ, ಇಂತಿಷ್ಟು ಅಗೆತ, ಇಂತಿಷ್ಟು ಕಲ್ಲು ಒಡೆತ ಎಂದು ಕಟ್ಟುಪಾಡು ಹಾಕಿದವು. ವಿಂಗಡಿಸುವ ಅಧಿಕಾರ ಅಧಿಕಾರಿಯ ಕಣ್ಣಿಗೆ ಸೇರಿತ್ತು. ಬೆಳೆ ಎಷ್ಟಾಣೆ ಬಂತೆಂದು ಹದಿನಾರಾಣೆಯ ಲೆಕ್ಕದಲ್ಲಿ ಅಂದಾಜಿಸುವ ಆಣೆವಾರಿ ಪದ್ಧತಿ ಕಂದಾಯ ಇಲಾಖೆಯಲ್ಲಿ ಇತ್ತು. ಬೆಳೆಯ ಸ್ಥಿತಿಗೆ ಇದ್ದ ಆ ಮಾಪಕದಂಥದು ಕೂಲಿಯವರ ದಣಿವಿಗೆ ಇರಲಿಲ್ಲ.

ಹತ್ತಿ ಬಿಡಿಸುವ ಕೆಲಸ

ಹತ್ತಿ ಬಿಡಿಸುವ ಕೆಲಸ ಬಹುಪಾಲು ಹೆಣ್ಣುಮಕ್ಕಳದು. ಎರೆ ಹೊಲದಲ್ಲಿ ಗಿಡ ಮೊಳಕಾಲಿನಿಂದ ಸೊಂಟದ ಎತ್ತರಕ್ಕಿರುತ್ತದೆ. ಕೆಳಗಿನ ಕೊಂಬೆಯ ಕಾಯಿಗೆ ನಡು ಬಗ್ಗಲೇಬೇಕು. ಬಲಗೈ ಎಡಗೈ ಎರಡೂ ಒಡೆದ ಕಾಯಿಯಿಂದ ತೊಳೆ ಕೀಳುತ್ತವೆ, ಒಣಗಿದ ಸಿಪ್ಪೆಯ ಮೊನೆ ಬೆರಳಿಗೆ ಚುಚ್ಚುತ್ತದೆ. ಕಿತ್ತ ಹತ್ತಿ ಸೊಂಟಕ್ಕೆ ಕಟ್ಟಿದ ಉಡಿಗೆ ಬೀಳುತ್ತದೆ. ಉಡಿ ತುಂಬಿದಂತೆಲ್ಲ ಭಾರ ಹೊಟ್ಟೆಯ ಮುಂದಕ್ಕೆ ಜಗ್ಗಿ ಬೆನ್ನಿನ ಸ್ನಾಯುಗಳು ಅದನ್ನು ಹಿಡಿದು ನಿಲ್ಲಬೇಕಾಗುತ್ತದೆ. ಸಾಲು ಮುಗಿಸಿ, ಉಡಿ ಸುರಿದು, ಮತ್ತೆ ಸಾಲು ಹಿಡಿಯಬೇಕು. ಕೂಲಿ ಹೆಚ್ಚಾಗಿ ಕಿಲೋ ಲೆಕ್ಕದಲ್ಲಿ ಸಿಗುವುದರಿಂದ ನಿಂತು ನಡು ನೆಟ್ಟಗೆ ಮಾಡಿಕೊಂಡ ಪ್ರತಿ ಗಳಿಗೆಯೂ ಗಳಿಕೆಯಲ್ಲಿ ಕಡಿತ.

ಈ ಕೆಲಸದಲ್ಲಿ ನಾಡಿ ಹಿಡಿದು ನೋಡಿದರೆ ಅಂಥ ಏರಿಕೆ ಕಾಣದಿರಬಹುದು. ನಡಿಗೆ ನಿಧಾನ, ಎತ್ತುವ ಭಾರ ಒಮ್ಮೆಗೆ ಕಡಿಮೆ. ಕೋಷ್ಟಕ ಅದನ್ನು ಹಗುರ ಅಥವಾ ಮಧ್ಯಮ ಎಂದು ಬರೆದೀತು. ಆದರೆ ಬಗ್ಗಿದ ಬೆನ್ನಿನ ಸ್ನಾಯುಗಳು ಅಲುಗದೆ ಬಿಗಿದುಕೊಂಡೇ ಇರುತ್ತವೆ. ಬಿಗಿದ ಸ್ನಾಯುವಿಗೆ ರಕ್ತದ ಹರಿವು ತಗ್ಗಿ ನೋವು ಕೂಡುತ್ತ ಹೋಗುತ್ತದೆ. ಇದು ಸ್ಥಿರಶ್ರಮ. ಇದನ್ನು ಹೃದಯಬಡಿತ ಪೂರ್ತಿ ತೋರಿಸುವುದಿಲ್ಲ, ಕೇಳಿದರೆ ಮಾತ್ರ ತಿಳಿಯುತ್ತದೆ. ಆದ್ದರಿಂದಲೇ ಇಂಥ ಕೆಲಸಕ್ಕೆ ಒಟ್ಟು ಶ್ರಮದ ಒಂದು ಅಂಕಿ ಸಾಲದು. ಸೊಂಟ, ಕುತ್ತಿಗೆ, ಭುಜ, ಬೆರಳುಗಳನ್ನು ಬೇರೆ ಬೇರೆಯಾಗಿ ಕೇಳುವ ದೇಹಚಿತ್ರದ ಕ್ರಮವನ್ನು ಜೊತೆಗಿಡಬೇಕು. ನಾಡಿಯ ಅಂಕಿ ಮತ್ತು ಮಾತಿನ ಅಂಕಿ ಹೊಂದದಿದ್ದಾಗ ಮಾತನ್ನು ತಪ್ಪೆನ್ನುವ ಅಭ್ಯಾಸ ಸಂಶೋಧಕರಲ್ಲಿ ಸುಲಭವಾಗಿ ಬರುತ್ತದೆ. ಅಲ್ಲಿ ನಿಂತು ಹುಡುಕಬೇಕಾದುದು ನಾಡಿಗೆ ಕಾಣದ ಹೊರೆಯನ್ನು.

ಇದೇ ಹೆಣ್ಣುಮಕ್ಕಳು ಹೊಲಕ್ಕೆ ಬರುವ ಮುಂಚೆ ನೀರು ಹೊತ್ತು, ಅಡುಗೆ ಮುಗಿಸಿ ಬಂದಿರುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾದಾಗ ಅಷ್ಟೇ ಕೆಲಸಕ್ಕೆ ಹೃದಯ ಹೆಚ್ಚು ಬಡಿಯಬೇಕು, ದಣಿವು ಬೇಗ ಬರುತ್ತದೆ. ಹೀಗಾಗಿ ಒಂದೇ ಹೊಲದ ಒಂದೇ ಸಾಲು ಐದು ಅಂಕಗಳ ಮಾಪಕದಲ್ಲಿ ಒಬ್ಬಳಿಗೆ 2, ಇನ್ನೊಬ್ಬಳಿಗೆ 4 ಆಗುವುದರಲ್ಲಿ ಆಶ್ಚರ್ಯವಿಲ್ಲ.

ಹಮಾಲರ ಹೊರೆ

ಮಾರುಕಟ್ಟೆಯಲ್ಲಿ ಕಷ್ಟದ ಸ್ವರೂಪ ಬೇರೆ. ಹತ್ತಿ ಅಂಡಿಗೆ ಭಾರಕ್ಕಿಂತ ಗಾತ್ರದಲ್ಲಿ ತೊಡಕಿನದು. ಕೈಗೆ ಸರಿಯಾದ ಹಿಡಿತ ಸಿಗದು, ಮುಂದಿನ ದಾರಿ ಕಾಣದು. ಶೇಂಗಾ, ಔಡಲದ ಚೀಲಗಳು ಚಿಕ್ಕವಾದರೂ ಒತ್ತಾಗಿ ಭಾರ. ಜಿನ್ನಿಂಗ್ ಮುಗಿದು ಒತ್ತಿ ಕಟ್ಟಿದ ಹತ್ತಿಯ ಬೇಲ್ ಭಾರತದಲ್ಲಿ 170 ಕಿಲೋ ತೂಗುತ್ತದೆ. ಅದು ಒಬ್ಬನ ಕೈಯ ಮಾತಲ್ಲ. ಚೀಲವನ್ನು ಬೆನ್ನಿಗೆ ಏರಿಸುವ ಕ್ಷಣ, ಲಾರಿಯ ಹಲಗೆ ಹತ್ತುವ ನಾಲ್ಕು ಹೆಜ್ಜೆ, ಥಪ್ಪಿಯ ತುದಿಗೆ ಎಸೆಯುವ ಗಳಿಗೆ ಈ ಮೂರರ ಕಷ್ಟ ಒಂದೇ ಅಲ್ಲ. ಇಡೀ ಕೆಲಸಕ್ಕೆ ಒಂದು ಅಂಕಿ ಕೇಳಿದರೆ ಹಮಾಲ ಸಾಮಾನ್ಯವಾಗಿ ನೆನಪಿನಲ್ಲಿ ಉಳಿದ ಅತ್ಯಂತ ಕಷ್ಟದ ಗಳಿಗೆಯನ್ನೋ ಕೊನೆಯ ಗಳಿಗೆಯನ್ನೋ ಹೇಳುತ್ತಾನೆ. ಹಂತ ಹಂತವಾಗಿ ಕೇಳಿದರೆ ಎಲ್ಲಿ ಹಲಗೆಯ ಇಳಿಜಾರು ತಗ್ಗಿಸಬೇಕು, ಎಲ್ಲಿ ಕಟ್ಟೆ ಎತ್ತರಿಸಬೇಕು ಎಂಬ ಉತ್ತರ ತಾನಾಗಿ ಸಿಗುತ್ತದೆ.

ಹೊರೆಯ ಮಿತಿಯ ಬಗ್ಗೆ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಂ, ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದು ಎಂದು ಹೇಳಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1967ರ 128ನೇ ಶಿಫಾರಸು ವಯಸ್ಕ ಗಂಡಾಳಿಗೆ 55 ಕಿಲೋವನ್ನು ಮೇಲ್ಮಿತಿಯಾಗಿ ಸೂಚಿಸಿತು. ಈ ಮಿತಿಗಳು ಒಂದು ಸಲ ಎತ್ತುವ ಭಾರವನ್ನು ಕುರಿತವು. ಸುಗ್ಗಿಯ ದಿನ ಅದೇ ಭಾರವನ್ನು ನೂರಾರು ಸಲ ಎತ್ತಿದವನ ಸಂಜೆಯ ದಣಿವನ್ನು ಹೇಳಲು ನಿಮಿಷದಿಂದ ಗುಣಿಸಿದ ಶ್ರಮದ ಅಂಕಿಯೇ ಬೇಕು.

ದೂಳು ಮತ್ತು ಉಸಿರು

ಹತ್ತಿ ಹಿಂಜುವ, ನೂಲುವ ಕಡೆ ಗಾಳಿಯಲ್ಲಿ ನಾರಿನ ದೂಳು ತುಂಬಿರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಬಿಸಿನೋಸಿಸ್ ಎಂಬ ಕಾಯಿಲೆ ಬರುತ್ತದೆ. ರಜೆಯ ಮರುದಿನ ಕೆಲಸಕ್ಕೆ ಬಂದಾಗ ಎದೆ ಬಿಗಿಯುವುದು ಅದರ ಮೊದಲ ಲಕ್ಷಣ. 1950ರ ದಶಕದಲ್ಲಿ ಲ್ಯಾಂಕಾಶೈರಿನ ಗಿರಣಿಗಳಲ್ಲಿ ರಿಚರ್ಡ್ ಶಿಲ್ಲಿಂಗ್ ಈ ಕಾಯಿಲೆಯನ್ನು ಕಾರ್ಮಿಕರಿಗೆ ಪ್ರಶ್ನೆ ಕೇಳಿಯೇ ಶ್ರೇಣಿಗಳಾಗಿ ವಿಂಗಡಿಸಿದ: ವಾರದ ಮೊದಲ ದಿನ ಕೆಲವೊಮ್ಮೆ ಮಾತ್ರವೋ, ಪ್ರತಿ ವಾರವೂ ಆ ದಿನವೋ, ಉಳಿದ ದಿನಗಳಲ್ಲೂ ಇದೆಯೋ ಎಂದು. ಉಸಿರಾಟದ ಕಷ್ಟಕ್ಕೆ 0ಯಿಂದ 4ರವರೆಗಿನ ಇನ್ನೊಂದು ಮಾಪಕ ವೈದ್ಯರ ಬಳಿ ಇದೆ. ಜೋರು ಶ್ರಮದಲ್ಲಿ ಮಾತ್ರ ಏದುಸಿರು ಬಂದರೆ 0, ಬಟ್ಟೆ ತೊಡುವಾಗಲೂ ಉಸಿರು ಹತ್ತಿಕೊಂಡು ಮನೆ ಬಿಟ್ಟು ಹೊರಡಲಾಗದಿದ್ದರೆ 4. ಜಿನ್ನಿಂಗ್ ಕಾರ್ಖಾನೆಯ ಕಾರ್ಮಿಕರಿಗೆ ಹಂಗಾಮಿನ ಆರಂಭದಲ್ಲಿ ಒಮ್ಮೆ, ಮುಗಿಯುವಾಗ ಒಮ್ಮೆ ಈ ಪ್ರಶ್ನೆಗಳನ್ನು ಕೇಳಿ ಬರೆದಿಟ್ಟರೆ, ರೋಗ ಬೇರೂರುವ ಮುಂಚೆಯೇ ಸುಳಿವು ಹಿಡಿಯಬಹುದು.

ಬಿಸಿಲು, ಮಣ್ಣು, ಗುಳೆ

ಕರ್ನೂಲಿನ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಮೈ ತಣಿಸಲು ರಕ್ತ ಚರ್ಮದ ಕಡೆ ಹರಿಯಬೇಕಾದಾಗ ಅಷ್ಟೇ ಕೆಲಸಕ್ಕೆ ಹೃದಯ ಹೆಚ್ಚು ಬಡಿಯುತ್ತದೆ, ಶ್ರಮದ ಅಂಕಿಯೂ ಏರುತ್ತದೆ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯ ಕಾಮಗಾರಿಗಳು ನೆರೆಯ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ 2006ರ ಫೆಬ್ರವರಿ 2ರಂದು ಚಾಲನೆ ಪಡೆದವು. ಆ ಕಾಮಗಾರಿಗಳಲ್ಲಿ ಕೂಲಿಯನ್ನು ಅಗೆದ ಮಣ್ಣಿನ ಅಳತೆಯ ಮೇಲೆ ಕಟ್ಟುತ್ತಿದ್ದರು. ಮಣ್ಣು ಮೆದುವೋ ಗಟ್ಟಿಯೋ, ಎಷ್ಟು ದೂರ ಒಯ್ಯಬೇಕು, ಎಷ್ಟು ಎತ್ತರಕ್ಕೆ ಹಾಕಬೇಕು ಎಂಬುದರ ಮೇಲೆ ದರ ಬದಲಾಗುತ್ತಿತ್ತು. ಆಂಧ್ರಪ್ರದೇಶದಲ್ಲಿ ಬೇಸಿಗೆ ತಿಂಗಳುಗಳಿಗೆ ವಿಶೇಷ ಭತ್ಯೆ ಕೊಡುವ ಪದ್ಧತಿಯೂ ನಡೆದಿತ್ತು. ಬಿಸಿಲು ಕಷ್ಟವನ್ನು ಹೆಚ್ಚಿಸುತ್ತದೆ ಎಂಬ ಸತ್ಯಕ್ಕೆ ಸರ್ಕಾರದ ದರಪಟ್ಟಿಯಲ್ಲಿ ಸಿಕ್ಕ ಮನ್ನಣೆಯಿದು. ಇಂಥ ಭತ್ಯೆಯ ಪ್ರಮಾಣವನ್ನು ಗೊತ್ತುಪಡಿಸಲು ಶ್ರಮಮಾಪಕದ ಅಂಕಿಗಳಿಗಿಂತ ಸೂಕ್ತ ಆಧಾರ ಇರಲಾರದು.

ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ, ಪೆದ್ದಕಡುಬೂರು, ಮಂತ್ರಾಲಯ ಕಡೆಯ ಊರುಗಳಿಂದ ಕುಟುಂಬಗಳು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಮೆಣಸಿನಕಾಯಿ ಬಿಡಿಸುವಾಗ ಬಾಗಿದ ಬೆನ್ನಿನ ಜೊತೆಗೆ ಕೈ ಉರಿ, ಕಣ್ಣುರಿ ಸೇರುತ್ತವೆ. ಕೆಲಸದ ಜಾಗದಲ್ಲೇ ಗುಡಿಸಲು ಹಾಕಿಕೊಂಡು ಮಲಗುವುದರಿಂದ ಸರಿಯಾದ ವಿಶ್ರಾಂತಿಯೂ ಸಿಗುವುದಿಲ್ಲ. ಬೆಳಿಗ್ಗೆ ಕೆಲಸ ಶುರುಮಾಡುವ ಮುಂಚೆಯೇ ದಣಿವಿನ ಅಂಕಿಯನ್ನು ಕೇಳುವುದು ಇಲ್ಲಿ ಬಹಳ ಮುಖ್ಯ. ನಿನ್ನೆಯ ದಣಿವು ಉಳಿದಿದೆಯೋ ಇಲ್ಲವೋ ಎಂಬುದು ಆ ಅಂಕಿಯಲ್ಲಿ ಗೊತ್ತಾಗುತ್ತದೆ.

ಕೇಳುವ ಕ್ರಮ

ಮಾಪಕ ಎಷ್ಟೇ ಒಳ್ಳೆಯದಿದ್ದರೂ ಕೇಳುವ ಕ್ರಮ ಕೆಟ್ಟರೆ ಅಂಕಿ ಕೆಡುತ್ತದೆ. ಮೊದಲು ಎರಡು ತುದಿಗಳನ್ನು ಅನುಭವದಿಂದ ಗೊತ್ತುಮಾಡಿಸಬೇಕು. ನೆರಳಲ್ಲಿ ಸುಮ್ಮನೆ ಕೂತದ್ದು ಒಂದು ತುದಿ, ಇಡೀ ಬದುಕಿನಲ್ಲಿ ಮಾಡಿದ ಅತ್ಯಂತ ಕಷ್ಟದ ಕೆಲಸ ಇನ್ನೊಂದು ತುದಿ. ಆಮೇಲೆ ಕೆಲಸ ನಿಲ್ಲಿಸಿದ ಕೂಡಲೇ, ನೀರು ಕುಡಿದು ಮಾತಿಗೆ ಕೂರುವ ಮುಂಚೆಯೇ ಕೇಳಬೇಕು. ಕಾಗದದ ಮಾಪಕವನ್ನು ಓದಲಾಗದವರಿಗೆ ಪದಗಳನ್ನು ಓದಿಹೇಳಬೇಕು, ಇಲ್ಲವೇ ಚಿತ್ರ ತೋರಿಸಬೇಕು. ಈ ಸೀಮೆಯ ಹಲವು ಮಂಡಲಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಸಾಕ್ಷರತೆ ಕಡಿಮೆಯಿರುವುದರಿಂದ ಇದು ಕಡ್ಡಾಯ.

ಕೇಳುವ ಮಾತು ಆ ಊರಿನದಾಗಿರಬೇಕು. "ಅವ್ವಾ, ಈಗ ಈ ಸಾಲು ಬಿಡಿಸಿದ್ಯಲ್ಲ, ಹೆಂಗನಿಸ್ತು? ಹಗುರಾತೋ, ಭಾರಾತೋ, ಭಾಳ ಭಾರಾತೋ?" ಎಂದು ಕೇಳಿದರೆ ಬರುವ ಉತ್ತರವೇ ಬೇರೆ, ಪುಸ್ತಕದ ಭಾಷೆಯಲ್ಲಿ ಕೇಳಿದರೆ ಬರುವ ಉತ್ತರವೇ ಬೇರೆ. ಮನೆಯಲ್ಲಿ ಕನ್ನಡ ಆಡುವವರನ್ನು ತೆಲುಗಿನಲ್ಲಿ ಕೇಳಿ ಬರೆದುಕೊಳ್ಳುವುದು ಸರಿಯಲ್ಲ. ಯಾವ ನುಡಿಯಲ್ಲಿ ಕೇಳಲಾಯಿತು ಎಂಬುದನ್ನೂ ದಾಖಲಿಸಬೇಕು. ಮೇಸ್ತ್ರಿ, ಹೊಲದ ಮಾಲೀಕರು, ದಲಾಲಿಗಳು ಪಕ್ಕದಲ್ಲಿ ನಿಂತಿರಬಾರದು. ಅವರ ಎದುರು ಕೇಳಿದರೆ "ಏನೂ ಕಷ್ಟಿಲ್ಲ ಬಿಡ್ರಿ" ಎಂಬ ಉತ್ತರ ಬಂದೀತು, ನಾಳಿನ ಕೂಲಿಯ ಚಿಂತೆ ಅದನ್ನು ಆಡಿಸಿರುತ್ತದೆ.

ಮಿತಿಗಳು

ಶ್ರಮಮಾಪಕಗಳ ಮಿತಿಯನ್ನೂ ತಿಳಿದಿರಬೇಕು. ಬೋರ್ಗರ ಆರಂಭದ ಪ್ರಯೋಗಗಳಲ್ಲಿ ಅಂಕಿಗೂ ನಾಡಿಗೂ ಬಹಳ ನಿಕಟ ಸಂಬಂಧ ಕಂಡಿತ್ತು. 2002ರಲ್ಲಿ ಚೆನ್ ಮತ್ತು ಸಂಗಡಿಗರು ಹಲವಾರು ಅಧ್ಯಯನಗಳನ್ನು ಒಟ್ಟುಸೇರಿಸಿ ನೋಡಿದಾಗ ಸಹಸಂಬಂಧದ ಸರಾಸರಿ 0.62ಕ್ಕೆ ಇಳಿಯಿತು. ಎರಡಕ್ಕೂ ನಂಟಿದೆ, ಆದರೆ ಒಂದರ ಬದಲಿಗೆ ಇನ್ನೊಂದನ್ನು ಇಡುವಷ್ಟಿಲ್ಲ. ಕೆಲವರು ಎಲ್ಲದಕ್ಕೂ ನಡುವಿನ ಅಂಕಿಯನ್ನೇ ಹೇಳುತ್ತಾರೆ, ಕೆಲವರು ತುದಿಯನ್ನು ಮುಟ್ಟಲು ಹಿಂಜರಿಯುತ್ತಾರೆ. ಐದು ಅಂಕಗಳ ಮಾಪಕದಲ್ಲಿ 2ಕ್ಕೂ 3ಕ್ಕೂ ಇರುವ ಅಂತರ 4ಕ್ಕೂ 5ಕ್ಕೂ ಇರುವ ಅಂತರದಷ್ಟೇ ಎಂದು ಹೇಳಲಾಗದು. ಆದ್ದರಿಂದ ಸರಾಸರಿಗಿಂತ ಮಧ್ಯಾಂಕ ಹೆಚ್ಚು ಸುರಕ್ಷಿತ. ಒಬ್ಬರ ಅಂಕಿಯನ್ನು ಮತ್ತೊಬ್ಬರದರೊಂದಿಗೆ ಹೋಲಿಸುವುದಕ್ಕಿಂತ, ಅದೇ ವ್ಯಕ್ತಿಯ ನಿನ್ನೆಯ ಅಂಕಿಯನ್ನು ಇಂದಿನದರೊಂದಿಗೆ, ಹಳೆಯ ಸಲಕರಣೆಯದನ್ನು ಹೊಸದರೊಂದಿಗೆ ಹೋಲಿಸುವುದು ಹೆಚ್ಚು ನಂಬಿಕೆಯ ಮಾರ್ಗ.

ಉದ್ದೇಶವೂ ಅಂಕಿಯನ್ನು ಬದಲಿಸಬಲ್ಲದು. ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದ ಭಕ್ತರು ಕಾಲ್ನಡಿಗೆಯಲ್ಲಿ ನಲ್ಲಮಲೆಯ ಕಾಡು ದಾಟಿ ಶ್ರೀಶೈಲ ಸೇರುತ್ತಾರೆ. ಹರಕೆ ಹೊತ್ತು ಹಾಡುತ್ತ ಸಾಗುವ ಆ ನಡಿಗೆಯನ್ನೂ ಕೂಲಿಗಾಗಿ ಹೊರೆ ಹೊತ್ತು ನಡೆದ ಅಷ್ಟೇ ದೂರವನ್ನೂ ದೇಹ ಒಂದೇ ಬಗೆಯಲ್ಲಿ ಅನುಭವಿಸಬೇಕಿಲ್ಲ. ಮಾಪಕ ಹೇಳುವುದು ಅನುಭವವನ್ನು, ಹಾಗಾಗಿ ಅನುಭವದ ಸಂದರ್ಭವನ್ನು ಬರೆಯದೆ ಅಂಕಿಯೊಂದನ್ನೇ ಬರೆದರೆ ಅರ್ಧ ಮಾತ್ರ ಬರೆದಂತೆ.

ಅಂಗವಿಕಲತೆ ಮತ್ತು ಮುಪ್ಪು

ಕೆಲಸದ ಕಷ್ಟವನ್ನು ಕೇಳಿ ಅಳೆಯುವ ವಿದ್ಯೆಯ ಇನ್ನೊಂದು ಕವಲು ಅಂಗವಿಕಲರಿಗೂ ವೃದ್ಧರಿಗೂ ಸಂಬಂಧಿಸಿದ್ದು. 2001ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ರಚನೆಯಾದ ವಾಷಿಂಗ್ಟನ್ ಗುಂಪು ಆರು ಪ್ರಶ್ನೆಗಳ ಒಂದು ಪಟ್ಟಿ ರೂಪಿಸಿದೆ. ನಡೆಯಲು ಅಥವಾ ಮೆಟ್ಟಿಲು ಹತ್ತಲು ಕಷ್ಟವೇ ಎಂಬುದು ಅವುಗಳಲ್ಲಿ ಒಂದು. ಕಷ್ಟವಿಲ್ಲ, ಸ್ವಲ್ಪ ಕಷ್ಟ, ಬಹಳ ಕಷ್ಟ, ಆಗುವುದೇ ಇಲ್ಲ ಎಂಬ ನಾಲ್ಕು ಉತ್ತರಗಳು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಅಂಗವಿಕಲತಾ ನಿರ್ಧಾರ ಪಟ್ಟಿಯ ಎರಡನೆಯ ಆವೃತ್ತಿ ಕಳೆದ 30 ದಿನಗಳಲ್ಲಿ ಅರ್ಧ ಗಂಟೆ ನಿಲ್ಲುವುದು, ಒಂದು ಕಿಲೋಮೀಟರ್ ನಡೆಯುವುದು ಎಷ್ಟು ಕಷ್ಟವಾಯಿತು ಎಂದು ಕೇಳುತ್ತದೆ. ಇದು 36 ಪ್ರಶ್ನೆಗಳ ರೂಪದಲ್ಲಿಯೂ 12 ಪ್ರಶ್ನೆಗಳ ರೂಪದಲ್ಲಿಯೂ ಸಿಗುತ್ತದೆ. ಅದು ಲಭ್ಯವಿರುವ ಭಾಷೆಗಳಲ್ಲಿ ಕನ್ನಡವೂ ಒಂದು.

ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಅನೇಕ ಸೌಲಭ್ಯಗಳಿಗೆ ಶೇಕಡಾ 40ರ ಗೆರೆ ಎಳೆದಿದೆ. ವೈದ್ಯರು ಕೊಡುವ ಆ ಶೇಕಡಾವಾರು ಅಂಕಿ ದೇಹದ ಕೊರತೆಯನ್ನು ಹೇಳುತ್ತದೆ. ಎರೆ ಮಣ್ಣಿನ ಕೆಸರಿನಲ್ಲಿ ಬಸ್ ನಿಲ್ದಾಣದವರೆಗೆ ನಡೆಯಲು ಎಷ್ಟು ಕಷ್ಟ ಎಂಬುದನ್ನು ಹೇಳುವುದಿಲ್ಲ. ಒಂದೇ ಶೇಕಡಾವಾರು ಇರುವ ಇಬ್ಬರಲ್ಲಿ ಡಾಂಬರು ರಸ್ತೆಯ ಪಟ್ಟಣವಾಸಿಗೂ ಹೊಲದ ಕಾಲುದಾರಿಯ ಹಳ್ಳಿಗನಿಗೂ ಬದುಕು ಬೇರೆಯೇ. ಆ ಅಂತರ ಕಾಣಬೇಕಾದರೆ ಪ್ರಮಾಣಪತ್ರದ ಜೊತೆಗೆ ಕಷ್ಟದ ಪ್ರಶ್ನೆಗಳನ್ನೂ ಕೇಳಬೇಕು.

ಉಪಯೋಗ

ಶ್ರಮಮಾಪಕಕ್ಕೆ ಬೇಕಾಗುವುದು ಒಂದು ಕಾಗದ, ಒಂದು ಪೆನ್ಸಿಲು, ಕೇಳುವ ತಾಳ್ಮೆ. ಯಂತ್ರ ಕೊಳ್ಳಲಾಗದ ಕಡೆಯೂ ಇದು ನಡೆಯುತ್ತದೆ. ಹತ್ತಿ ಬಿಡಿಸಲು ಹೊಸ ಚೀಲ ತಂದಾಗ, ಚೀಲದ ತೂಕ ಇಳಿಸಿದಾಗ, ಕೆಲಸದ ವೇಳೆಯನ್ನು ಬೆಳಗಿನ ತಂಪಿಗೆ ಬದಲಿಸಿದಾಗ, ನಡುವೆ ವಿರಾಮ ಕೊಟ್ಟಾಗ, ಅದರಿಂದ ಹಗುರಾಯಿತೇ ಇಲ್ಲವೇ ಎಂಬ ತೀರ್ಪನ್ನು ಕೊಡಬೇಕಾದವರು ಆ ಕೆಲಸ ಮಾಡುವವರು. ನಾಡಿ, ತೂಕ, ಸಮಯ ಇವು ಆ ತೀರ್ಪಿಗೆ ಸಾಕ್ಷಿಗಳಾಗಿ ಜೊತೆಗಿರಲಿ.

ಆದೋನಿಯ ಮಾರುಕಟ್ಟೆಯಲ್ಲಿ ರೈತನ ಹತ್ತಿಯನ್ನು ಪ್ರತಿದಿನ ತೂಗಿ ಚೀಟಿ ಬರೆಯುತ್ತಾರೆ. ಅದನ್ನು ಬಿಡಿಸಿದ ಹೆಣ್ಣುಮಗಳ, ಹೊತ್ತ ಹಮಾಲನ ಶ್ರಮವನ್ನೂ ಹಂಗಾಮಿಗೆ ಕೆಲವು ಸಲವಾದರೂ ಕೇಳಿ ಬರೆದಿಡುವ ಕೆಲಸವನ್ನು ಕಾರ್ಮಿಕ ಇಲಾಖೆ, ಕೃಷಿ ವಿಶ್ವವಿದ್ಯಾಲಯಗಳು, ಮಾರುಕಟ್ಟೆ ಸಮಿತಿಗಳು ಸೇರಿ ಆರಂಭಿಸಬೇಕು. ಕೂಲಿಯ ದರ, ಚೀಲದ ತೂಕ, ವಿರಾಮದ ವೇಳೆ ಇವುಗಳನ್ನು ನಿರ್ಧರಿಸುವ ಸಭೆಗಳ ಮುಂದೆ ಆ ದಾಖಲೆ ಇರಲೇಬೇಕು.